ಘಟಪ್ರಭೆಯ ಹರಿಗೋಲು



ಇವತ್ತಿನ ಮಾತನ್ನು ಒಂದು ಸರಕಾರಿ ಪಟ್ಟಿಯಿಂದ ಸುರು ಮಾಡುತ್ತೇನೆ. 2016ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆ ತಂದಿತು. ನದಿ, ಕಾಲುವೆ, ಹಿನ್ನೀರು ಎಲ್ಲ ಸೇರಿ 111 ಹೆಸರುಗಳ ಪಟ್ಟಿ ಅದು. ಮೊದಲನೆಯದು ಗಂಗೆ. 41ನೆಯದು ನಮ್ಮ ಘಟಪ್ರಭಾ. ಹೌದು, ಕೊಲ್ಲಾಪುರ ಕಡೆಯ ಘಟ್ಟದಿಂದ ಇಳಿದು ಹುಕ್ಕೇರಿ, ಗೋಕಾಕ, ಮೂಡಲಗಿ ದಾಟಿ ಕೃಷ್ಣೆಗೆ ಕೂಡುವ ಇದೇ ಘಟಪ್ರಭಾ ಕಾಗದದ ಮೇಲೆ ರಾಷ್ಟ್ರೀಯ ಜಲಮಾರ್ಗ. ಗೋಕಾಕದ ಲೋಳಸೂರ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿರಿ. ಪಂಪ್‌ಸೆಟ್ಟಿನ ಪೈಪುಗಳು ಕಾಣುತ್ತವೆ, ಎಮ್ಮೆಗಳ ಮೈ ತೊಳೆಯುವವರು ಕಾಣುತ್ತಾರೆ, ಗಾಳ ಹಾಕಿ ಕೂತ ಹುಡುಗರು ಕಾಣುತ್ತಾರೆ. ಹಡಗಿನ ಮಾತು ಬಿಡಿ, ಒಂದು ಹರಿಗೋಲು ಕಂಡರೆ ಅದು ಆ ದಿನದ ಅದೃಷ್ಟ.

ನೀರಿಗೆ ನಮ್ಮಲ್ಲಿ ಬರವಿಲ್ಲ ಎನ್ನುವಷ್ಟು ಕಾಲುವೆಗಳಿವೆ. ಧೂಪದಾಳದಲ್ಲಿ ಹೊಳೆಗೆ ಕಲ್ಲಿನ ಒಡ್ಡು ಕಟ್ಟಿ ಎಡದಂಡೆಗೆ ಕಾಲುವೆ ತೆಗೆದವರು ಬ್ರಿಟಿಷರು. ಆ ಮೊದಲ ಹಂತ 1897ರಲ್ಲಿ ಮುಗಿಯಿತು. ಕಾಲುವೆಯ ಉದ್ದ ಆಗ 71 ಕಿಲೋಮೀಟರು. ಮುಂದೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಎದ್ದು 1977ರಲ್ಲಿ ಪೂರ್ತಿಯಾಯಿತು. ರಾಜಾ ಲಖಮಗೌಡ ಜಲಾಶಯವೆಂದು ಅದಕ್ಕೆ ಹೆಸರು, ಹಿಡಿಯುವ ನೀರು 51 ಟಿಎಂಸಿ. ಎಡದಂಡೆ ಕಾಲುವೆಯನ್ನು 109 ಕಿಲೋಮೀಟರಿಗೆ ಬೆಳೆಸಿದರು. ಅದರ ಜೊತೆಗೆ 202 ಕಿಲೋಮೀಟರಿನ ಬಲದಂಡೆ ಕಾಲುವೆ, 86 ಕಿಲೋಮೀಟರಿನ ಚಿಕ್ಕೋಡಿ ಶಾಖಾ ಕಾಲುವೆ. ಇಷ್ಟು ನೀರಿನ ದಾರಿ ಇರುವ ಸೀಮೆಯಲ್ಲಿ ದೋಣಿಯ ವಿದ್ಯೆ ಏಕೆ ಬೆಳೆಯಲಿಲ್ಲ, ಇದ್ದದ್ದೂ ಏಕೆ ಸೊರಗಿತು ಎಂಬುದೇ ನನ್ನ ಇವತ್ತಿನ ವಿಷಯ.

ಕಾಲುವೆಗೆ ದೋಣಿ ಬಿಡುವ ಯೋಚನೆ ಆ ಕಾಲದಲ್ಲಿ ಯಾರಿಗೂ ಬಂದಿರಲಿಲ್ಲ ಎಂದೇನಲ್ಲ. ಗೋದಾವರಿಗೆ ಅಣೆಕಟ್ಟು ಕಟ್ಟಿದ ಸರ್ ಆರ್ಥರ್ ಕಾಟನ್ ಜೀವನಪೂರ್ತಿ ಒಂದೇ ಮಾತು ಹೇಳುತ್ತ ಬಂದ: ಹಿಂದುಸ್ತಾನಕ್ಕೆ ರೈಲಿಗಿಂತ ಕಾಲುವೆ ಮೇಲು, ಅದು ಹೊಲಕ್ಕೆ ನೀರನ್ನೂ ಕೊಡುತ್ತದೆ, ಸರಕನ್ನೂ ಹೊರುತ್ತದೆ. ಅವನ ಮಾತು ನಂಬಿ ತುಂಗಭದ್ರೆಯ ಮೇಲೂ ಒಂದು ಪ್ರಯೋಗ ನಡೆಯಿತು. ಸುಂಕೇಸುಲದಲ್ಲಿ ಒಡ್ಡು ಕಟ್ಟಿ, 1860ರ ದಶಕದಲ್ಲಿ ಒಂದು ಖಾಸಗಿ ಕಂಪನಿ ಕರ್ನೂಲು–ಕಡಪ ಕಾಲುವೆಯನ್ನು ತೋಡಿತು. ದೋಣಿಗಳು ಮೆಟ್ಟಿಲಿಳಿಯಲೆಂದು ಅದಕ್ಕೆ ಲಾಕ್ ಗೇಟುಗಳನ್ನೂ ಕೂರಿಸಿದರು. ಕಂಪನಿ ದಿವಾಳಿಯ ಅಂಚಿಗೆ ಬಂದು 1882ರಲ್ಲಿ ಸರಕಾರ ಅದನ್ನು ಕೊಂಡುಕೊಂಡಿತು. ದೋಣಿಗಳು ಕೆಲವು ಕಾಲ ಓಡಿ ನಿಂತವು, ನೀರು ಮಾತ್ರ ಇಂದಿಗೂ ಹೊಲಕ್ಕೆ ಹೋಗುತ್ತಿದೆ.

ಧೂಪದಾಳದಿಂದ ಹೊರಟ ನಮ್ಮ ಕಾಲುವೆ ಆ ಸಾಹಸಕ್ಕೆ ಕೈ ಹಾಕಲೇ ಇಲ್ಲ. ಅದು ಹೊಲದ ಕಾಲುವೆ, ಅಷ್ಟೇ. ಅಲ್ಲಲ್ಲಿ ನೀರು ಧುಮುಕುವ ಇಳಿಜಾರುಗಳು, ತಲೆಗೆ ತಾಗುವ ಸಣ್ಣ ಸೇತುವೆಗಳು, ಪಾಳಿಯ ಪ್ರಕಾರ ಬಿಟ್ಟು ಕಟ್ಟುವ ನೀರು, ಇವುಗಳ ನಡುವೆ ದೋಣಿಗೆಲ್ಲಿ ಜಾಗ? ಸರಕು ಹೊರಲು ಆ ಹೊತ್ತಿಗೆ ರೈಲು ಬಂದಿತ್ತು. ಅದೇ ಹೊಳೆಯ ನೀರಿನಿಂದ 1887ರಲ್ಲಿ ಗೋಕಾಕ ಫಾಲ್ಸಿನ ನೂಲಿನ ಗಿರಣಿ ತಿರುಗತೊಡಗಿತು, ವಿದ್ಯುತ್ತೂ ಹುಟ್ಟಿತು. ಘಟಪ್ರಭೆಗೆ ನಾವು ಹತ್ತು ಕೆಲಸ ಹಚ್ಚಿದೆವು, ದೋಣಿ ಹೊರುವ ಕೆಲಸವೊಂದನ್ನು ಬಿಟ್ಟು.

ಹಾಗೆ ನೋಡಿದರೆ ಹೊಳೆಯ ಉದ್ದಕ್ಕೂ ದೋಣಿ ಹೋಗುವುದು ನಮ್ಮಲ್ಲಿ ಎಂದೂ ಸಾಧ್ಯವಿರಲಿಲ್ಲ. ನಡುವೆ 52 ಮೀಟರ್ ಎತ್ತರದಿಂದ ಧುಮುಕುವ ಜಲಪಾತವಿದೆ. ನಮ್ಮ ಅಂಬಿಗನ ದಾರಿ ಹೊಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಈ ದಂಡೆಯಿಂದ ಆ ದಂಡೆಗೆ. ಸಂತೆಗೆ, ಬೀಗರೂರಿಗೆ, ಜಾತ್ರೆಗೆ, ಆಚೆ ದಂಡೆಯ ಹೊಲಕ್ಕೆ. ಸರಕಾರದ ಜಲಮಾರ್ಗದ ಪಟ್ಟಿ ನದಿಯನ್ನು ಕಿಲೋಮೀಟರಿನಲ್ಲಿ ಅಳೆಯುತ್ತದೆ. ಅಂಬಿಗನಿಗೆ ಗೊತ್ತಿದ್ದದ್ದು ಅದರ ಅಗಲ, ಅದರ ಆಳ, ಮತ್ತು ಮಳೆಗೊಂದು ಸಲ ಬದಲಾಗುವ ಅದರ ಸೆಳವು.

ಈ ಅಡ್ಡ ದಾಟುವ ಕೆಲಸಕ್ಕೆ ನಮ್ಮ ನಾಡು ಕಂಡುಕೊಂಡ ಸಾಧನ ಹರಿಗೋಲು. ನಮ್ಮ ಕಡೆಯ ಬಾಯಲ್ಲಿ ಹರಗೋಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ದೊಮಿಂಗೊ ಪಾಯೆಸ್ ತುಂಗಭದ್ರೆಯ ಮೇಲೆ ಇದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಬುಟ್ಟಿಯಂಥ ದುಂಡನೆಯ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ, ನೇರ ಹೋಗಲಾರದೆ ಸುತ್ತು ಸುತ್ತುತ್ತಲೇ ಸಾಗುತ್ತದೆ ಎಂದು ಅವನ ವರದಿ. ಈ ರಾಜ್ಯದ ಹೊಳೆಗಳಲ್ಲಿ ಇದನ್ನು ಬಿಟ್ಟು ಬೇರೆ ದೋಣಿಯೇ ಇಲ್ಲ ಎಂದೂ ಸೇರಿಸಿದ್ದಾನೆ. ಸುಮಾರು ಮೂರು ಶತಮಾನದ ತರುವಾಯ, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ, 1803ರಲ್ಲಿ ಪುಣೆಯ ಕಡೆ ದಂಡು ನಡೆಸುವಾಗ ಮಲಪ್ರಭಾ, ಘಟಪ್ರಭಾ, ಕೃಷ್ಣೆಗಳನ್ನು ದಾಟಲು ಬುಟ್ಟಿದೋಣಿಗಳನ್ನೇ ನೆಚ್ಚಿದ. ಇಂಗ್ಲಿಷ್ ದಂಡಿಗೂ ತೋಪಿಗೂ ಮದ್ದುಗುಂಡಿಗೂ ದಾರಿ ಕೊಟ್ಟದ್ದು ಬಿದಿರು ಮತ್ತು ಚರ್ಮ. ಆ ದಂಡಿನ ಕಡತಗಳಲ್ಲಿ ಜನರಲ್ಲನ ಹೆಸರಿದೆ, ಹರಿಗೋಲು ಹೆಣೆದವರ ಹೆಸರು ಹುಡುಕಬೇಡಿ, ಸಿಗುವುದಿಲ್ಲ.

ಹರಿಗೋಲು ಕಟ್ಟುವುದನ್ನು ಹತ್ತಿರ ಕೂತು ನೋಡಬೇಕು. ಬಲಿತ ಹಸಿ ಬಿದಿರನ್ನು ಸೀಳಿ ದಬ್ಬೆ ಮಾಡುತ್ತಾರೆ. ಎಲ್ಲ ದಬ್ಬೆಯೂ ಒಂದೇ ದಪ್ಪಕ್ಕೆ ಬರಬೇಕು. ಗಿಣ್ಣಿನ ಹತ್ತಿರ ಚಾಕು ಜಾರಿದರೆ ಆ ದಬ್ಬೆ ಉರುವಲಿಗೆ. ಸಮ ನೆಲದ ಮೇಲೆ ದಬ್ಬೆಗಳನ್ನು ಮೂರು ದಿಕ್ಕಿಗೆ ಅಡ್ಡಾದಿಡ್ಡಿ ಹೊಂದಿಸಿ ಹೆಣೆಯುತ್ತ ಹೋದ ಹಾಗೆ ನಡುವೆ ಆರು ಮೂಲೆಯ ಕಂಡಿಗಳು ಬೀಳುತ್ತವೆ. ತಳ ಸಾಕಷ್ಟು ಅಗಲವಾದ ಮೇಲೆ ಅದರ ನಡುವೆ ದೊಡ್ಡ ಕಲ್ಲುಗಳನ್ನು ಹೇರುತ್ತಾರೆ. ಕಲ್ಲಿನ ಭಾರಕ್ಕೆ ತಳ ನೆಲಕ್ಕಂಟಿರುವಾಗ ಅಂಚಿನ ದಬ್ಬೆಗಳಿಗೆ ನೀರು ಚಿಮುಕಿಸಿ ಒಂದೊಂದನ್ನೇ ಮೇಲಕ್ಕೆ ಬಾಗಿಸುವುದು. ಇದು ಅವಸರದ ಕೆಲಸವಲ್ಲ. ಬಿದಿರು ಎಲ್ಲಿಯವರೆಗೆ ಬಾಗುತ್ತದೆ, ಎಲ್ಲಿ ಚಟ್ಟೆಂದು ಮುರಿಯುತ್ತದೆ ಎಂಬುದು ಕೈಗೆ ಗೊತ್ತು, ಬಾಯಿಗೆ ಹೇಳಲು ಬರುವುದಿಲ್ಲ. ಎದ್ದು ನಿಂತ ದಬ್ಬೆಗಳ ಸುತ್ತ ಉದ್ದನೆಯ ಸೀಳುಗಳನ್ನು ಸುತ್ತಿ ಗೋಡೆ ಏರಿಸಿ, ಕೊನೆಗೆ ಬಾಯಂಚಿಗೆ ತೋಳಿನ ದಪ್ಪದ ಕಟ್ಟು ಬಿಗಿದರೆ ಅಸ್ಥಿಪಂಜರ ಮುಗಿಯಿತು.

ಅದಕ್ಕೆ ಹಿಂದೆ ಎತ್ತಿನ, ಎಮ್ಮೆಯ ಚರ್ಮ ಹೊಲಿದು ಹೊದಿಸುತ್ತಿದ್ದರು. ಅದನ್ನು ಹದ ಮಾಡಿ ಹೊಲಿದುಕೊಡುವವರು ಊರಿನಲ್ಲೇ ಇದ್ದರು. ಹೀಗೆ ಒಂದು ಹರಿಗೋಲಿಗೆ ಬಿದಿರು ಕಡಿಯುವವ, ಹೆಣೆಯುವವ, ಚರ್ಮ ಹೊಲಿಯುವವ, ಹುಟ್ಟು ಕೆತ್ತುವ ಬಡಿಗ, ಕೊನೆಗೆ ಅಂಬಿಗ, ಇಷ್ಟು ಜನರ ಕೈ ಕೂಡುತ್ತಿತ್ತು. ಈಗ ಚರ್ಮ ಹೋಗಿ ಗೊಬ್ಬರದ ಚೀಲದ ಪ್ಲಾಸ್ಟಿಕ್ ಹಾಳೆ ಬಂದಿದೆ. ಅದರ ಮೇಲೆ ಕಾಯಿಸಿದ ಡಾಂಬರು ಬಳಿಯುತ್ತಾರೆ. ಇದರ ಬಗ್ಗೆ ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಚರ್ಮದ ಹರಿಗೋಲನ್ನು ದಿನವೂ ದಂಡೆಗೆಳೆದು ಬೋರಲು ಹಾಕಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. ಡಾಂಬರಿನದು ಆ ರಗಳೆ ಕಡಿಮೆ, ತೂತು ಬಿದ್ದರೆ ಒಂದು ಚಿಂದಿ, ಒಂದು ಚಮಚ ಡಾಂಬರು ಸಾಕು. ಕುಶಲಕರ್ಮಿ ತನ್ನ ಕಾಲದ ಸಾಮಾನು ಬಳಸುವುದು ತಪ್ಪಲ್ಲ. ಮೀನುಗಾರಿಕೆ ಇಲಾಖೆ ಕೊಡುವ ಫೈಬರಿನ ಹರಿಗೋಲು ಮಾತ್ರ ಬೇರೆ ಸಂಗತಿ. ಅದು ಅಚ್ಚಿನಲ್ಲಿ ಎರಕ ಹೊಯ್ದು ಬರುತ್ತದೆ, ಅದರಲ್ಲಿ ಹೆಣೆಯುವವನಿಗೆ ಕೆಲಸವೇ ಇಲ್ಲ. ಹಿಡಕಲ್ಲಿನ ಹಿನ್ನೀರಿನಂಥ ಕಡೆ ಮೀನು ಹಿಡಿಯುವವರಿಗೆ ಅದು ಒಳ್ಳೆಯ ಅನುಕೂಲ, ಬೇಡ ಎನ್ನಲು ನಾವು ಯಾರು? ಆದರೆ ಒಂದು ಕೊಡುಗೆಯಿಂದ ಒಂದು ಕಸಬು ಸದ್ದಿಲ್ಲದೆ ಮುಗಿಯುತ್ತದೆ ಎಂಬುದನ್ನು ಇಲಾಖೆಯವರು ಲೆಕ್ಕಕ್ಕೆ ಹಿಡಿದಂತಿಲ್ಲ.

ಕಟ್ಟುವುದು ಒಂದು ವಿದ್ಯೆಯಾದರೆ ನಡೆಸುವುದು ಇನ್ನೊಂದು. ಹರಿಗೋಲಿಗೆ ಮೂತಿಯಿಲ್ಲ, ಹಿಂಬದಿಯಿಲ್ಲ, ಚುಕ್ಕಾಣಿಯಿಲ್ಲ. ಹೊಸಬನ ಕೈಗೆ ಹುಟ್ಟು ಕೊಟ್ಟರೆ ಅವನು ನಿಂತಲ್ಲೇ ಬುಗುರಿಯಾಗುತ್ತಾನೆ. ಬಲ್ಲವನು ಮುಂದಿನ ಅಂಚಿನಲ್ಲಿ ಮೊಣಕಾಲೂರಿ, ಹುಟ್ಟನ್ನು ತನ್ನ ಮುಂದೆ ನೀರಿಗಿಳಿಸಿ ತನ್ನ ಕಡೆಗೇ ಎಳೆದುಕೊಳ್ಳುತ್ತಾನೆ. ಒಂದು ಎಳೆತ ಎಡಕ್ಕೆ ತಿರುಗಿಸಿದರೆ ಮುಂದಿನದು ಬಲಕ್ಕೆ. ಎರಡೂ ಒಂದನ್ನೊಂದು ಸರಿದೂಗಿಸಿ ಬುಟ್ಟಿ ಮುಂದೆ ಸಾಗುತ್ತದೆ. ತುಂಬಿದ ಹೊಳೆಯಲ್ಲಿ ಇಷ್ಟೇ ಸಾಲದು. ಎದುರು ದಂಡೆಯ ಕಟ್ಟೆ ಕಣ್ಣಿಗೆ ನೇರ ಕಾಣುತ್ತಿದ್ದರೂ ಅಂಬಿಗ ಅದರ ಕಡೆ ಹೊರಡುವುದಿಲ್ಲ. ಹರಿಗೋಲನ್ನು ದಂಡೆಗುಂಟ, ಸೆಳವು ಕಡಿಮೆ ಇರುವ ಕಡೆ, ಹಗ್ಗ ಹಿಡಿದು ಮೇಲಕ್ಕೆ ಎಳೆದೊಯ್ಯುತ್ತಾನೆ. ಎಷ್ಟು ದೂರ ಎಂಬುದು ಆ ದಿನದ ನೀರನ್ನು ನೋಡಿ ಮಾಡಿದ ಅಂದಾಜು. ಅಲ್ಲಿಂದ ಬಿಟ್ಟರೆ ಹೊಳೆ ತನ್ನ ಪಾಡಿಗೆ ಕೆಳಗೆ ಎಳೆಯುತ್ತದೆ, ಅಂಬಿಗ ತನ್ನ ಪಾಡಿಗೆ ಅಡ್ಡ ಹುಟ್ಟು ಹಾಕುತ್ತಾನೆ, ಎರಡೂ ಕೂಡಿ ಹರಿಗೋಲು ಓರೆಯಾಗಿ ಸರಿದು ಕಟ್ಟೆಗೇ ಬಂದು ತಾಗುತ್ತದೆ. ಅಂದಾಜು ತಪ್ಪಿದರೆ ಕಟ್ಟೆ ಕೈತಪ್ಪುತ್ತದೆ, ಕೆಳಗೆ ಬಂಡೆಯೋ ಜಾಲಿಯ ಪೊದೆಯೋ ಕಾದಿರುತ್ತದೆ.

ಜನರನ್ನು ಕೂರಿಸುವುದರಲ್ಲೂ ಲೆಕ್ಕವಿದೆ. ಭಾರ ನಡುವೆ, ಹಗುರ ಅಂಚಿಗೆ, ಯಾರೂ ಎದ್ದು ನಿಲ್ಲುವಂತಿಲ್ಲ. ದನ ಇದ್ದರೆ ಅದರ ಹಗ್ಗ ಹಿಡಿದು ಪಕ್ಕದಲ್ಲಿ ಈಜಿಸಿಕೊಂಡೇ ಒಯ್ಯುವುದು. ಗೌಡನೇ ಇರಲಿ, ಮಾಸ್ತರನೇ ಇರಲಿ, ಹರಿಗೋಲಿನೊಳಗೆ ಅಂಬಿಗನ ಮಾತು ಮೀರುವಂತಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ದಾಟುವ ತನಕ ಹಂಗು ಇತ್ತು.

ಆ ಹಂಗು ಸೇತುವೆ ಬಂದ ಮೇಲೆ ಹೋಯಿತು. ಇದರಲ್ಲಿ ದುಃಖಪಡುವಂಥದ್ದು ಏನೂ ಇಲ್ಲ. ಬಾಣಂತಿಯನ್ನು ನಡುರಾತ್ರಿ ದವಾಖಾನೆಗೆ ಒಯ್ಯುವವರಿಗೆ ಹರಿಗೋಲಿನ ಚಂದ ಬೇಕಿಲ್ಲ, ಸೇತುವೆ ಬೇಕು. ಮೂಡಲಗಿ ತಾಲ್ಲೂಕಿನಲ್ಲಿ ಸುಣಧೋಳಿ, ಉದಗಟ್ಟಿ, ವಡೇರಹಟ್ಟಿ, ಅವರಾದಿ, ಹೀಗೆ ಸಾಲಾಗಿ ಸೇತುವೆಗಳು, ಬಾಂದಾರಗಳು ಬಂದವು. ಬಾಂದಾರ ಎಂದರೆ ಮೇಲೆ ದಾರಿ, ಹಿಂದೆ ನಿಂತ ನೀರು. ರೈತನಿಗೆ ಎರಡೂ ಬೇಕು. ಹಿಂದಿನ ಅಂಬಿಗನಿಗೆ ಸುಗ್ಗಿಯಲ್ಲಿ ಊರವರು ಕಾಳು ಅಳೆದು ಕೊಡುತ್ತಿದ್ದರು. ದಾಟುವವರೇ ಇಲ್ಲದಾಗ ಅಳೆಯುವವರಾದರೂ ಯಾರು? ಮಕ್ಕಳು ಕಬ್ಬು ಕಡಿಯಲು ಹೋದರು, ಡ್ರೈವರ್ ಆದರು, ಓದಿದವರು ಬೆಳಗಾವಿ, ಪುಣೆ ಸೇರಿದರು. ಒಳ್ಳೆಯದೇ ಆಯಿತು.

ಆದರೆ ಈ ಸೇತುವೆಗಳ ಒಂದು ಗುಣ ಮರೆಯಬಾರದು. ಹೊಳೆ ಬಂದ ದಿನ ಇವು ಇರುವುದಿಲ್ಲ. 2019ರ ಆಗಸ್ಟ್ ನಿಮಗೆಲ್ಲ ನೆನಪಿದೆ. ಹಿಡಕಲ್ ತುಂಬಿ ನೀರು ಬಿಟ್ಟರು. ಅತ್ತ ಹಿರಣ್ಯಕೇಶಿ, ಇತ್ತ ಮಾರ್ಕಂಡೇಯ ತುಂಬಿ ಬಂದು ಘಟಪ್ರಭೆಗೆ ಸೇರಿದವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪೇಟೆಯೊಳಗೆ ನೀರು ನುಗ್ಗಿತು, ಹೊಳೆಸಾಲಿನ ಊರುಗಳು ಒಂದೊಂದಾಗಿ ನಡುಗಡ್ಡೆಯಾದವು. 2021ರಲ್ಲಿ ಮತ್ತೆ, 2024ರ ಜುಲೈನಲ್ಲಿ ಮತ್ತೆ ಹೊಳೆ ಬಂತು. ಆರಿದ್ರಾ ಮಳೆಯ ತನಕ ದಾರಿಯಾಗಿದ್ದದ್ದು ಪುನರ್ವಸು, ಪುಷ್ಯದ ಹೊತ್ತಿಗೆ ನೀರಿನಡಿ. ರಬ್ಬರ್ ದೋಣಿ, ಮೋಟಾರು, ಜಾಕೆಟ್ಟು ಹಿಡಿದು ಎನ್‌ಡಿಆರ್‌ಎಫ್‌ನವರು, ಅಗ್ನಿಶಾಮಕದವರು ಬರುತ್ತಾರೆ. ಅವರ ಧೈರ್ಯಕ್ಕೆ ಕೈ ಮುಗಿಯಬೇಕು. ಆದರೆ ಅವರು ಹೊರಗಿನವರು. ನೀರಿನಡಿ ಎಲ್ಲಿ ಬಾವಿಯ ಗೋಡೆ ಇದೆ, ಎಲ್ಲಿ ಕಬ್ಬಿನ ಗದ್ದೆಯ ಬದು ಇದೆ, ಎಲ್ಲಿ ಕರೆಂಟಿನ ಕಂಬದ ತಂತಿ ಜೋತಿದೆ, ಹಳ್ಳ ಎಲ್ಲಿ ಹೊಳೆಗೆ ಕೂಡಿ ಸುಳಿ ಎಬ್ಬಿಸುತ್ತದೆ, ಇದು ಆ ಊರಿನ ನೀರು ಬಲ್ಲವನಿಗೇ ಗೊತ್ತು. ಹೊಳೆ ಏರುವಾಗ ತೇಲುವ ಕಸ ದಂಡೆಗೆ ಸರಿಯುತ್ತದೆ, ಇಳಿಯುವಾಗ ನಡುನೀರಿಗೆ ಕೂಡುತ್ತದೆ ಎಂಬುದು ನದಿಗಳ ಮೇಲೆ ಬದುಕುವವರು ಹಲವು ದೇಶಗಳಲ್ಲಿ ಹೇಳುವ ಮಾತು. ಇಂಥ ಮಾತು ಮೊಬೈಲಿನ ಎಚ್ಚರಿಕೆಗೆ ಬದಲಿಯಲ್ಲ. ಆದರೆ ಹೊಳೆ ಬಂದಾಗ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಮೊಬೈಲು.

ಅಂಬಿಗನಿಗೆ ಎಲ್ಲವೂ ಗೊತ್ತು ಎಂದು ನಾನು ಹೇಳುತ್ತಿಲ್ಲ. ಅವನ ಅಜ್ಜ ಕಂಡ ಹೊಳೆ ಬೇರೆ, ಇವತ್ತಿನದು ಬೇರೆ. ಹಿಡಕಲ್ಲಿನ ಗೇಟು ಎತ್ತಿದರೆ ಮಳೆಯೇ ಇಲ್ಲದ ದಿನವೂ ನೀರು ಏರುತ್ತದೆ. ಬಾಂದಾರದ ಕೆಳಗೆ ನೀರು ತನ್ನ ಮೇಲೆ ತಾನೇ ಮಗುಚಿಕೊಳ್ಳುವ ಜಾಗವಿದೆ. ನೋಡಲು ಶಾಂತ, ಸಿಕ್ಕಿಬಿದ್ದ ಈಜುಗಾರನನ್ನೂ ಬಿಡುವುದಿಲ್ಲ. ಕಾಂಕ್ರೀಟು ಹಾಕಿದ ಕಾಲುವೆಯದೂ ಹಾಗೆಯೇ. ಓರೆ ಗೋಡೆಗೆ ಪಾಚಿ ಹತ್ತಿರುತ್ತದೆ, ಕೈಗೆ ಹಿಡಿಯಲು ಏನೂ ಇರುವುದಿಲ್ಲ. ಬಿದ್ದವನನ್ನು ತೆಗೆಯಲು ಈಜಿಗಿಂತ ಹಗ್ಗ ಮತ್ತು ಉಪಾಯ ಬೇಕು. ಹಾಗೆಯೇ ಹರಿಗೋಲು ಅಪಾಯವಿಲ್ಲದ ವಾಹನವೂ ಅಲ್ಲ. 2020ರ ಆಗಸ್ಟಿನಲ್ಲಿ ರಾಯಚೂರು ಜಿಲ್ಲೆಯ ಕೃಷ್ಣೆಯಲ್ಲಿ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ತುಂಬಿದ ಹೊಳೆ, ಸಂಜೆಯ ಹೊತ್ತು, ಬೇರೆ ದಾರಿಯಿಲ್ಲದ ಜನ. ಇದನ್ನು ಹೇಳದೆ ಹರಿಗೋಲಿನ ಗುಣಗಾನ ಮಾಡುವವರನ್ನು ನಂಬಬೇಡಿ. ಹಳೆಯ ವಿದ್ಯೆಯನ್ನು ಉಳಿಸುವುದೆಂದರೆ ಲೈಫ್ ಜಾಕೆಟ್ಟು ಬೇಡ ಎನ್ನುವುದಲ್ಲ.

ಹೊರಗಿನ ಜಗತ್ತಿನಲ್ಲಿ ಏನು ಮಾಡಿದ್ದಾರೆ? ಇಂಗ್ಲೆಂಡಿನಲ್ಲಿ ಕೈಗಾರಿಕಾ ಕ್ರಾಂತಿಯ ಕಾಲದ ಕಾಲುವೆಗಳು ರೈಲು ಲಾರಿಗಳ ಮುಂದೆ ಸೋತು ಹೂಳು ತುಂಬಿ ಬಿದ್ದಿದ್ದವು. 1944ರಲ್ಲಿ ಎಲ್. ಟಿ. ಸಿ. ರೋಲ್ಟ್ ಎಂಬ ಇಂಜಿನಿಯರ್ ತನ್ನ ಸಪೂರ ದೋಣಿಯ ಪ್ರವಾಸದ ಬಗ್ಗೆ ಒಂದು ಪುಸ್ತಕ ಬರೆದ. ಅದು ಜನರ ಕಣ್ಣು ತೆರೆಸಿತು. 1946ರಲ್ಲಿ ಒಳನಾಡ ಜಲಮಾರ್ಗಗಳ ಸಂಘ ಹುಟ್ಟಿತು. ಗುಮಾಸ್ತರು, ಮಾಸ್ತರರು ರವಿವಾರ ಬಂದರೆ ಬೂಟು ಹಾಕಿಕೊಂಡು ಕೆಸರಿಗಿಳಿದು ಹೂಳೆತ್ತಿದರು. ಮುಚ್ಚಿದ ಕಾಲುವೆಗಳು ಎಷ್ಟೋ ತೆರೆದವು. ಆದರೆ ಅಲ್ಲಿ ಉಳಿದದ್ದು ಕಾಲುವೆ ಮತ್ತು ವಿಹಾರದ ದೋಣಿ. ತಲೆಮಾರುಗಳಿಂದ ಆ ದೋಣಿಗಳಲ್ಲೇ ಹುಟ್ಟಿ, ಅವುಗಳ ಮೈಗೆ ಗುಲಾಬಿ, ಕೋಟೆಗಳ ಚಿತ್ರ ಬರೆದುಕೊಂಡು, ಕಲ್ಲಿದ್ದಲು ಸಾಗಿಸಿ ಬದುಕಿದ ಕುಟುಂಬಗಳು ಅಷ್ಟರಲ್ಲಿ ಚದುರಿ ಹೋಗಿದ್ದವು. ಚಿತ್ರ ಬರೆಯಲು ಈಗ ಶಿಬಿರಗಳಿವೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ವೇಲ್ಸಿನದು. ಅಲ್ಲಿಯ ತೈವಿ ನದಿಯಲ್ಲಿ ನಮ್ಮ ಹರಿಗೋಲಿನ ದಾಯಾದಿಯಂಥ ಒಬ್ಬಿಬ್ಬರ ಪುಟ್ಟ ದೋಣಿಯಲ್ಲಿ ಕೂತು ಸಾಲ್ಮನ್ ಮೀನು ಹಿಡಿಯುತ್ತಿದ್ದರು. ಕೆನಾರ್ಥ್ ಎಂಬ ಊರಿನ ಜಲಪಾತದ ಪಕ್ಕದಲ್ಲೇ ಇಂಥ ದೋಣಿಗಳಿಗಾಗಿ ಒಂದು ಸಂಗ್ರಹಾಲಯ ಮಾಡಿದ್ದಾರೆ. ಬೇರೆ ಬೇರೆ ದೇಶಗಳ ಬುಟ್ಟಿದೋಣಿಗಳು ಅಲ್ಲಿವೆ. ಗೋಕಾಕ ಫಾಲ್ಸಿಗೆ ಮಳೆಗಾಲದ ರವಿವಾರ ಬರುವ ಜನಜಂಗುಳಿಯನ್ನು ನೋಡಿದಾಗೆಲ್ಲ ನನಗೆ ಕೆನಾರ್ಥ್ ನೆನಪಾಗುತ್ತದೆ. ನಮ್ಮಲ್ಲಿ ಬರುವವರು ತೂಗುಸೇತುವೆಯ ಮುಂದೆ ಫೋಟೊ ತೆಗೆಸಿಕೊಂಡು, ಕರದಂಟು ಕೊಂಡು ಮನೆಗೆ ಹೋಗುತ್ತಾರೆ. ಈ ಹೊಳೆಯನ್ನು ಜನ ಶತಮಾನಗಳ ಕಾಲ ಹೇಗೆ ದಾಟಿದರು ಎಂದು ತೋರಿಸುವ ಒಂದು ಬಿದಿರಿನ ಬುಟ್ಟಿ ಅಲ್ಲಿ ಬೇಡವೇ?

ಈ ದೋಣಿಯ ವಂಶಾವಳಿಯಂತೂ ಬಲು ದೊಡ್ಡದು. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಯೂಫ್ರೆಟಿಸ್ ನದಿಯಲ್ಲಿ ಚರ್ಮ ಹೊದಿಸಿದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ವ್ಯಾಪಾರಿಗಳು ಹೊಳೆಯಿಳಿದು ಬ್ಯಾಬಿಲೋನಿಗೆ ಬಂದು, ಸರಕಿನ ಜೊತೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಕಾಲುದಾರಿಯಲ್ಲಿ ಹಿಂದಿರುಗುತ್ತಿದ್ದರಂತೆ. ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಮಣ್ಣಿನ ಹಲಗೆಯ ಮೇಲಿನ ಹಳೆಯ ಬ್ಯಾಬಿಲೋನಿಯನ್ ಬರಹವೊಂದನ್ನು ಓದಿ, ಪ್ರಳಯದ ಕಥೆಯ ನಾವೆಯೇ ಒಂದು ಭಾರೀ ಹರಿಗೋಲು ಎಂದು 2014ರಲ್ಲಿ ಪುಸ್ತಕ ಪ್ರಕಟಿಸಿದ. ಆ ವಿವರದಂತೆ ಒಂದು ದೋಣಿ ಕಟ್ಟಿ ನೋಡಬೇಕೆಂದಾಗ ಅವರು ಬಂದದ್ದು ಎಲ್ಲಿಗೆ ಗೊತ್ತೇ? ಕೇರಳಕ್ಕೆ. ಕೈಯಿಂದ ದೋಣಿ ಕಟ್ಟುವವರು ಇನ್ನೂ ಇರುವ ನಾಡಿಗೆ ಬರಬೇಕಾಯಿತು.

ಈಗ ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳಿಗೆ ಬರೋಣ. ಕಲೆಯನ್ನು ಉಳಿಸಿಕೊಂಡ ಅನುಭವ ನಮಗಿಲ್ಲವೆಂದಲ್ಲ. ಗೋಕಾಕದ ಜಿನಗಾರರು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಾಕಿದ ಹಣ್ಣು, ಕಾಯಿ, ಗೊಂಬೆಗಳು ಪ್ಲಾಸ್ಟಿಕ್ಕಿನ ಹಾವಳಿಯಲ್ಲೂ ಅಷ್ಟಿಷ್ಟು ಉಳಿದಿವೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದ ಆಟ ಇಂದಿಗೂ ರಾತ್ರಿಯೆಲ್ಲ ನಡೆಯುತ್ತದೆ. ಗೊಂಬೆಯನ್ನು ಶೋಕೇಸಿನಲ್ಲಿಡಬಹುದು, ಪಾರಿಜಾತವನ್ನು ಕಟ್ಟೆಯ ಮೇಲೆ ಆಡಬಹುದು. ಹರಿಗೋಲು ಮಾತ್ರ ನೀರಿಗಿಳಿಯದಿದ್ದರೆ ಎರಡು ವರ್ಷದಲ್ಲಿ ಒಣಗಿದ ಬುಟ್ಟಿ. ಉತ್ಸವದ ದಿನ ಒಂದು ಹರಿಗೋಲು ಸ್ಪರ್ಧೆ ಇಟ್ಟು, ಶಾಲು ಹೊದಿಸಿ, ಫೋಟೊ ಹಿಡಿಸಿದರೆ ವಿದ್ಯೆ ಉಳಿಯುವುದಿಲ್ಲ. ಅದಕ್ಕೆ ಸಂಬಳದ ಕೆಲಸ ಬೇಕು.

ಸಂಬಳದ ಕೆಲಸ ಇದೆ, ಹುಡುಕಬೇಕಾಗಿಲ್ಲ. ಹೊಳೆಸಾಲಿನ ಪ್ರತಿ ಪಂಚಾಯಿ‌ತಿಯಲ್ಲೂ ಮಳೆಗಾಲದ ಮೂರ್ನಾಲ್ಕು ತಿಂಗಳು ಇಬ್ಬರು ಮೂವರು ನೀರು ಬಲ್ಲವರನ್ನು ದಿನಗೂಲಿಗಲ್ಲ, ತಿಂಗಳ ಪಗಾರಕ್ಕೆ, ವಿಮೆಯ ಸಮೇತ ನೇಮಿಸಿಕೊಳ್ಳಬಹುದು. ಒಬ್ಬ ಹಳಬನ ಜೊತೆ ಒಬ್ಬ ಹುಡುಗ ಇರಲೇಬೇಕು ಎಂಬ ಕರಾರು ಹಾಕಿದರೆ ಶಾಲೆ ಬೇರೆ ತೆರೆಯಬೇಕಾಗಿಲ್ಲ. ಹುಡುಗಿಯರನ್ನೂ ಸೇರಿಸಿಕೊಳ್ಳಬೇಕು. ನಮ್ಮ ಊರುಗಳಲ್ಲಿ ಹೊಳೆಯ ದಂಡೆಯಲ್ಲಿ ಹೆಚ್ಚು ಹೊತ್ತು ಇರುವವರು ಹೆಣ್ಣುಮಕ್ಕಳು, ಈಜು ಬಾರದವರೂ ಅವರೇ. ಬಿದಿರಿನ ಚಿಂತೆಯೂ ದೊಡ್ಡದಲ್ಲ. ಕಾಲುವೆಗಳ ಗುಂಟ ನೀರಾವರಿ ಇಲಾಖೆಯ ಜಾಗ ಜಾಲಿ ಬೆಳೆದು ಬಿದ್ದಿದೆ, ಕಾಲುವೆಯ ಏರಿಗೆ ಧಕ್ಕೆಯಾಗದಷ್ಟು ದೂರ ಬಿಟ್ಟು ಅಲ್ಲಿ ಬಿದಿರು ಹಚ್ಚಬಹುದು. ಅಂಬಿಗನಿಗೆ ಏನೂ ಕೊಡದ ಕಾಲುವೆ ಇಷ್ಟಾದರೂ ಕೊಡಲಿ. ಧೂಪದಾಳದ ಹಿನ್ನೀರಿನಲ್ಲಿ ತರಬೇತಿ ನಡೆಸಬಾರದೆ ಎಂದು ಕೆಲವರು ಕೇಳುತ್ತಾರೆ. ಅದು 1974ರಿಂದ ಪಕ್ಷಿಧಾಮ, ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳು ಬರುವ ಜಾಗ. ಅವುಗಳನ್ನು ಅವುಗಳ ಪಾಡಿಗೆ ಬಿಡೋಣ. ಬಾಂದಾರಗಳ ಹಿಂದಿನ ನಿಂತ ನೀರು ಕಲಿಯುವವರಿಗೆ ಸಾಕು.

ಎರಡು ವಿದ್ಯೆಗಳಲ್ಲಿ ಒಂದನ್ನೇ ಉಳಿಸಲು ಸಾಧ್ಯ ಎನ್ನುವ ಕಾಲ ಬಂದರೆ ನನ್ನ ಮತ ನಡೆಸುವ ವಿದ್ಯೆಗೆ. ಬಿದಿರಿನ ಮೋಹ ನನಗೂ ಇದೆ. ಆದರೆ ಹೆಣೆಯುವುದನ್ನು ವಿಡಿಯೋ ನೋಡಿ, ನಾಲ್ಕು ಸಲ ಕೆಡಿಸಿ, ಐದನೆಯ ಸಲ ಕಲಿಯಬಹುದು. ತುಂಬಿದ ಹೊಳೆಯಲ್ಲಿ ಕೆಡಿಸಿ ಕಲಿಯಲು ಬರುವುದಿಲ್ಲ. ಅದನ್ನು ಬಲ್ಲವನ ಪಕ್ಕದಲ್ಲಿ ಕೂತೇ ಕಲಿಯಬೇಕು, ಬಲ್ಲವರು ಈಗ ಮುದುಕರು.

ಪ್ರತಿ ವರ್ಷ ಜನವರಿ 21ಕ್ಕೆ ನಿಜಶರಣ ಅಂಬಿಗರ ಚೌಡಯ್ಯನವರ ಜಯಂತಿ ಆಚರಿಸುತ್ತೇವೆ. ಅವರ ಹೆಸರಿನಲ್ಲಿ ಸರಕಾರದ ಅಭಿವೃದ್ಧಿ ನಿಗಮವೂ ಇದೆ. ಅದರ ಯೋಜನೆಗಳಲ್ಲಿ ಹುಟ್ಟು ಹಿಡಿಯುವ ಕೈಗೂ ಒಂದು ಪಾಲು ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ. ಹೊಳೆಸಾಲಿನ ಪಂಚಾಯಿತಿ ಸದಸ್ಯರು ಈ ಮಾತು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಬರುವ ರೋಹಿಣಿ ಮಳೆಗೆ ಮೊದಲು ನಿಮ್ಮ ಊರಿನಲ್ಲಿ ಹೊಳೆ ಬಲ್ಲವರು ಯಾರು ಯಾರಿದ್ದಾರೆ, ಅವರ ವಯಸ್ಸೆಷ್ಟು, ಅವರಿಂದ ಕಲಿಯಲು ಮನಸ್ಸಿದ್ದವರು ಯಾರು ಎಂದು ಒಂದು ಪಟ್ಟಿ ಮಾಡಿ ತಹಶೀಲ್ದಾರರಿಗೆ ಕೊಡಿ. ಅದರ ಒಂದು ಪ್ರತಿಯನ್ನು ಪಂಚಾಯಿತಿಯ ಗೋಡೆಗೂ ಹಚ್ಚಿ.